ಕುಲುಮೆಯ ಜಾಣ್ಮೆಯೂ ಪೇಟೆಂಟ್ ಏಜೆಂಟರ ಲೇಖನಿಯೂ

ಬೋರಿ ನದಿಯ ಕುರನೂರ ಜಲಾಶಯದ ಸುತ್ತಲಿನ ಹೊಲಗಳಲ್ಲಿ ಪೇಟೆಯಿಂದ ತಂದ ಕೂರಿಗೆ, ಕುಂಟೆಗಳು ತಂದ ರೂಪದಲ್ಲಿಯೇ ಬಹುಕಾಲ ಉಳಿಯುವುದಿಲ್ಲ. ನಮ್ಮ ಎರೆಭೂಮಿಗೆ ಒಗ್ಗುವಂತೆ ಕಮ್ಮಾರರೋ ವೆಲ್ಡಿಂಗ್ ಅಂಗಡಿಯವರೋ ಅವನ್ನು ತಿದ್ದುತ್ತಾರೆ. ಸೊಲ್ಲಾಪುರದ ಮಗ್ಗಗಳ ಕಥೆಯೂ ಇದೇ. ಇಂಥ ತಿದ್ದುಪಡಿಗಳಲ್ಲಿ ಬಹುಪಾಲು ಪೇಟೆಂಟಿಗೆ ಅರ್ಹವಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಆದರೆ ನಿಜವಾಗಿಯೂ ಹೊಸದೊಂದು ಹುಟ್ಟಿದಾಗ ಅದರ ಹಕ್ಕು ಕೈತಪ್ಪುವುದು ಯಂತ್ರದ ದೋಷದಿಂದಲ್ಲ, ಕಾಗದದ ದೋಷದಿಂದ.

1970ರ ಪೇಟೆಂಟ್ ಕಾಯ್ದೆಯು ಮೂರು ಸಂಗತಿಗಳನ್ನು ಕೇಳುತ್ತದೆ. ವಸ್ತು ಹೊಸದಾಗಿರಬೇಕು, ಆ ಕಸುಬಿನವರಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು, ಉದ್ಯಮದಲ್ಲಿ ಬಳಕೆಗೆ ಬರುವಂತಿರಬೇಕು. ಬೇಸಾಯದ ಪದ್ಧತಿಗೆ ಪೇಟೆಂಟ್ ಇಲ್ಲ. ಬೇಸಾಯದ ಯಂತ್ರಕ್ಕೆ ಉಂಟು. ಸೊಲ್ಲಾಪುರದ ಚಾದರಕ್ಕೆ ದೊರೆತಿರುವ ಭೌಗೋಳಿಕ ಗುರುತು ಬೇರೆಯದೇ ಹಕ್ಕು. ಅದು ಊರಿಗೆ ಸೇರಿದ್ದು, ಒಬ್ಬ ಸಂಶೋಧಕನಿಗಲ್ಲ.

‘ಹೊಸದು’ ಎಂಬ ಮಾತಿನಲ್ಲಿಯೇ ನಮ್ಮವರು ಎಡವುತ್ತಾರೆ. ಯಂತ್ರ ಸಿದ್ಧವಾದೊಡನೆ ಜಾತ್ರೆಯ ಕೃಷಿ ಪ್ರದರ್ಶನದಲ್ಲಿ ಇಡುವುದು, ಮೊಬೈಲಿನಲ್ಲಿ ಚಿತ್ರೀಕರಿಸಿ ಹತ್ತೂರಿಗೆ ಹಂಚುವುದು ಈಗಿನ ರೂಢಿ. ಅರ್ಜಿಗೆ ಮುನ್ನ ಹೀಗೆ ಬಹಿರಂಗಗೊಂಡದ್ದು ಸಾಮಾನ್ಯವಾಗಿ ಕಾನೂನಿನ ಕಣ್ಣಿಗೆ ಹೊಸದಲ್ಲ. ಪ್ರದರ್ಶನಗಳಿಗೆ ಹನ್ನೆರಡು ತಿಂಗಳ ವಿನಾಯಿತಿ ಇದೆಯಾದರೂ ಅದು ಕೇಂದ್ರ ಸರಕಾರವು ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ. ಆದ್ದರಿಂದ ಮೊದಲು ಅರ್ಜಿ, ಅನಂತರ ಹೆಮ್ಮೆ. ಯಂತ್ರ ಪೂರ್ತಿಯಾಗದಿದ್ದರೆ ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿ ದಿನಾಂಕವನ್ನು ಕಾಯ್ದಿಟ್ಟುಕೊಳ್ಳಬಹುದು. ಪೂರ್ಣ ವಿವರಣೆಗೆ ಅಲ್ಲಿಂದ ಹನ್ನೆರಡು ತಿಂಗಳ ಅವಕಾಶವಿದೆ.

ಇನ್ನು ಏಜೆಂಟರ ವಿಷಯ. ಹಲವು ದೇಶಗಳಲ್ಲಿ ಪೇಟೆಂಟ್ ಅಟಾರ್ನಿ ಎನಿಸಿಕೊಳ್ಳುವವರನ್ನು ನಮ್ಮ ಕಾಯ್ದೆಯು ಪೇಟೆಂಟ್ ಏಜೆಂಟ್ ಎನ್ನುತ್ತದೆ. ಅವರು ವಕೀಲರೇ ಆಗಿರಬೇಕಿಲ್ಲ. ವಿಜ್ಞಾನ ಇಲ್ಲವೆ ಎಂಜಿನಿಯರಿಂಗ್ ಪದವಿ ಪಡೆದು ಪೇಟೆಂಟ್ ಕಚೇರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ರೂಢಿಯ ದಾರಿ. ಹಕ್ಕಿನ ಉಲ್ಲಂಘನೆಯ ದಾವೆಯು ಜಿಲ್ಲಾ ನ್ಯಾಯಾಲಯದ ಮೆಟ್ಟಿಲೇರಿದಾಗ ವಕೀಲರು ಬೇಕೇ ಬೇಕು. ಕುತೂಹಲದ ಸಂಗತಿಯೆಂದರೆ, ಭಾರತದಲ್ಲಿ ಈ ಬಗೆಯ ಹಕ್ಕಿಗಾಗಿ 1856ರಲ್ಲಿ ಮೊದಲ ಅರ್ಜಿ ಸಲ್ಲಿಸಿದವರು ಕಲಕತ್ತೆಯ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್. ಅವರ ಯಂತ್ರ ಪಂಖಾ ಎಳೆಯುವುದಕ್ಕೆ. ಅವರ ಹೆಸರಿನ ಸಂಸ್ಥೆ ಇಂದಿಗೂ ಪೇಟೆಂಟ್ ವೃತ್ತಿಯಲ್ಲಿಯೇ ಇದೆ.

ಏಜೆಂಟರ ನೈಪುಣ್ಯವೆಲ್ಲ ಇರುವುದು ‘ಕ್ಲೇಮ್’ ಎಂಬ ವಾಕ್ಯಗಳಲ್ಲಿ. ಹೊಲಕ್ಕೆ ಚೆಕ್‌ಬಂದಿ ಬರೆಸುವಂತೆ ಸಂಶೋಧನೆಗೂ ಎಲ್ಲೆ ಬರೆಸಬೇಕು. ‘ಕಬ್ಬಿಣದ ಮೂರು ಕೊಳವೆಗಳುಳ್ಳ ಕೂರಿಗೆ’ ಎಂದು ಬರೆದರೆ, ನಾಲ್ಕು ಪ್ಲಾಸ್ಟಿಕ್ ಕೊಳವೆ ಹಾಕಿದವನು ನುಣುಚಿಕೊಳ್ಳುತ್ತಾನೆ. ‘ಬೀಜ ಬಿತ್ತುವ ಸಾಧನ’ ಎಂದಷ್ಟೇ ಬರೆದರೆ, ಇದು ಅಜ್ಜನ ಕಾಲದಿಂದಲೂ ಇದೆಯೆಂದು ಪರೀಕ್ಷಕರು ತಳ್ಳಿಹಾಕುತ್ತಾರೆ. ಎರಡರ ನಡುವಣ ದಾರಿಯನ್ನು ಕಾಣಬೇಕಾದರೆ, ಬೀಜ ಎಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಯಾವ ತಿರುವಿನಿಂದ ಅದು ಸರಿಹೋಯಿತು ಎಂಬುದನ್ನು ಸಂಶೋಧಕನೇ ಬಿಡಿಸಿ ಹೇಳಬೇಕು.

ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ಅರ್ಜಿಯು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿಯೇ ಇರಬೇಕು. ಕಚೇರಿಯ ಕಾಗದಗಳೆಲ್ಲ ಮರಾಠಿಯಲ್ಲಿವೆಯೆಂದು ಕೊರಗುವುದು ಗಡಿನಾಡಿನವರಾದ ನಮಗೆ ಅಭ್ಯಾಸವಾಗಿದೆ; ಇಲ್ಲಿ ಮರಾಠಿ ಬಂಧುಗಳೂ ನಮ್ಮ ಸಾಲಿನಲ್ಲಿಯೇ ನಿಂತಿದ್ದಾರೆ! ಗಡಿಯಾಚೆಯ ಇಂಡಿಯವರ ಅರ್ಜಿ ಚೆನ್ನೈ ಕಚೇರಿಗೆ, ಕುರನೂರಿನವರದು ಮುಂಬಯಿ ಕಚೇರಿಗೆ ಸಲ್ಲುತ್ತದೆ. ಎರಡೆಡೆಯೂ ಕನ್ನಡಕ್ಕೆ ಎಡೆಯಿಲ್ಲ.

ಓದು ಕಡಿಮೆಯಾದವರಿಗೆ ಇದು ಅಸಾಧ್ಯವೇ? ಅಲ್ಲವೆಂಬುದಕ್ಕೆ ತೆಲಂಗಾಣದ ಆಲೇರಿನ ಚಿಂತಕಿಂದಿ ಮಲ್ಲೇಶಂ ಅವರನ್ನು ನೋಡಬೇಕು. ಪೋಚಂಪಳ್ಳಿ ಸೀರೆಗೆ ನೂಲು ಹಾಸುವ ‘ಆಸು’ ಕೆಲಸದಲ್ಲಿ ತಾಯಿ ಲಕ್ಷ್ಮಿಯವರು ದಿನವೂ ಸಾವಿರಾರು ಬಾರಿ ತೋಳಾಡಿಸಿ ನೋಯುವುದನ್ನು ಕಂಡು ಅವರು 1999ರಲ್ಲಿ ಯಂತ್ರವನ್ನು ಪೂರ್ಣಗೊಳಿಸಿದರು. ಐದಾರು ಗಂಟೆಯ ಕೆಲಸ ಒಂದೂವರೆ ಗಂಟೆಗಿಳಿಯಿತು. ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ನೆರವಿನಿಂದ ‘ಲಕ್ಷ್ಮಿ ಆಸು’ ಯಂತ್ರಕ್ಕೆ ಪೇಟೆಂಟ್ ದೊರೆಯಿತು. 2017ರಲ್ಲಿ ಮಲ್ಲೇಶಂ ಅವರಿಗೆ ಪದ್ಮಶ್ರೀ ಸಂದಿತು. ತೆಲುಗು ನೇಕಾರರು ನೆಲೆಸಿರುವ ಸೊಲ್ಲಾಪುರಕ್ಕೆ ಈ ಕಥೆ ದೂರದ್ದೇನಲ್ಲ. ನಮ್ಮವರೇ ಆದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆ ಮೊದಲಾದವನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದರು. ಗುಜರಾತಿನಲ್ಲಿರುವ ಈ ಪ್ರತಿಷ್ಠಾನವು ತಳಮಟ್ಟದ ಸಂಶೋಧಕರ ಪರವಾಗಿ ಅರ್ಜಿ ಸಲ್ಲಿಸುತ್ತದೆ.

ಸ್ವತಃ ಸಲ್ಲಿಸುವವರಿಗೂ ಅಡ್ಡಿಯಿಲ್ಲ, ಏಜೆಂಟರು ಕಡ್ಡಾಯವಲ್ಲ. ವ್ಯಕ್ತಿಯೊಬ್ಬರ ಆನ್‌ಲೈನ್ ಅರ್ಜಿಗೆ ಆರಂಭದ ಶುಲ್ಕ 1,600 ರೂಪಾಯಿ. ಪರೀಕ್ಷೆಯ ಕೋರಿಕೆಗೆ 4,000. ಏಜೆಂಟರ ಸಂಭಾವನೆ ಬೇರೆ. ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೋರಬೇಕೆಂಬುದನ್ನು ಮರೆಯಬಾರದು. 2024ರ ತಿದ್ದುಪಡಿಯ ನಂತರ ಅದಕ್ಕೆ 31 ತಿಂಗಳ ಗಡುವಿದೆ. ಮೀರಿದರೆ ಅರ್ಜಿಯನ್ನು ಹಿಂಪಡೆದಂತೆಯೇ ಲೆಕ್ಕ. ಪೇಟೆಂಟಿನ ಅವಧಿ ಅರ್ಜಿಯ ದಿನದಿಂದ ಇಪ್ಪತ್ತು ವರ್ಷ, ಅದೂ ನವೀಕರಣ ಶುಲ್ಕ ಕಟ್ಟುತ್ತ ಬಂದರೆ.

ಏಜೆಂಟರ ಬಳಿಗೆ ಹೋಗುವಾಗ ಯಂತ್ರದ ನಕ್ಷೆ, ಕೆಟ್ಟುಹೋದ ಹಳೆಯ ಮಾದರಿಗಳು, ಕನ್ನಡದಲ್ಲಿಯೇ ಬರೆದ ವಿವರಣೆ ಕೈಯಲ್ಲಿರಲಿ. ಹೆಸರು ನೋಂದಾಯಿತ ಏಜೆಂಟರ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿರಿ. ಸಹಿ ಹಾಕುವ ಮೊದಲು ಪ್ರತಿಯೊಂದು ಕ್ಲೇಮನ್ನೂ ತಿಳಿಯುವ ಮಾತಿನಲ್ಲಿ ಓದಿ ಹೇಳಿಸಿಕೊಳ್ಳಿರಿ. ಸಂಶೋಧಕರ ಕಾಲಂನಲ್ಲಿ ಯಾರ ಹೆಸರಿದೆಯೆಂಬುದನ್ನೂ.