ಮಲಯಾಕ್ಕೆ ಹೋದವರು ಎಲ್ಲಿ?

"ಸರ್, ನಮ್ಮ ಮುತ್ತಜ್ಜನ ತಮ್ಮ ಮಲಯಾಕ್ಕೆ ದುಡಿಯಲು ಹೋದವರು, ಯುದ್ಧ ಮುಗಿದರೂ ಬರಲಿಲ್ಲವಂತೆ. ಎಲ್ಲಿ ಹುಡುಕುವುದು?" ಕುಮಟಾದ ಹುಡುಗ ಕೇಳಿದ. ಅಂದಿನ ವಿಜ್ಞಾನದ ಪಾಠ ಅಲ್ಲಿಗೇ ನಿಂತಿತು.

1942-43ರಲ್ಲಿ ಜಪಾನಿ ಸೇನೆ ಸಯಾಮ್-ಬರ್ಮಾ ನಡುವೆ 415 ಕಿ.ಮೀ. ರೈಲುದಾರಿ ಹಾಕಿಸಿತು. ಸುಮಾರು 60 ಸಾವಿರ ಯುದ್ಧಕೈದಿಗಳ ಜೊತೆ ಎರಡು ಲಕ್ಷದಷ್ಟು ಏಷ್ಯಾದ ಕೂಲಿಯಾಳುಗಳು ಅಲ್ಲಿ ದುಡಿದರು. ಮಲಯಾದ ರಬ್ಬರ್ ತೋಟಗಳಿಂದ ಒಯ್ದ ಭಾರತೀಯರಲ್ಲಿ ತಮಿಳರೇ ಹೆಚ್ಚು. ಕಾಲರಾ, ಮಲೇರಿಯಾ, ಹಸಿವಿನಿಂದ ಸತ್ತವರಿಗೆ ಲೆಕ್ಕವಿಲ್ಲ. ಕೈದಿಗಳಿಗಾದರೆ ಕಾಂಚನಬುರಿಯಲ್ಲಿ ಹೆಸರು ಕೆತ್ತಿದ ಸಮಾಧಿಗಳಿವೆ. ಕೂಲಿಗಳ ಹೆಸರು ಬರೆದಿಟ್ಟವರೇ ಕಡಿಮೆ. ಕಷ್ಟವಿರುವುದೇ ಇಲ್ಲಿ.

ಮೊದಲು ಮನೆಯ ಪೆಟ್ಟಿಗೆ ತೆಗೆಸು ಎಂದೆ. ಹಳೆಯ ಲಕೋಟೆ, ಮನಿಯಾರ್ಡರ್ ರಸೀದಿ ಇದ್ದರೆ ಊರಿನ ಹೆಸರಾದರೂ ಸಿಕ್ಕೀತು. ಸೈನಿಕರಾಗಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಿದೆ. ಅಲ್ಲದಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಭಟ್ಕಳ, ಹೊನ್ನಾವರ, ಕುಮಟಾದವರು ಇನ್ನೊಂದನ್ನು ಮರೆಯಬಾರದು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಬೆಂಗಳೂರಿಗೆ ಓಡುವ ಮುನ್ನ ಮುಂಬಯಿಯ ಪತ್ರಾಗಾರದಲ್ಲಿ 'ನಾರ್ತ್ ಕೆನರಾ' ಎಂಬ ಹೆಸರಿನಡಿ ನೋಡಬೇಕು.

ಮರುವಾರ ಹುಡುಗ ಲಕೋಟೆಯೊಂದನ್ನು ತಂದ. ಅಂಚೆಮುದ್ರೆ ಅರ್ಧ ಅಳಿಸಿತ್ತು. ಪ್ರಯೋಗಾಲಯದ ಭೂತಗನ್ನಡಿ ಹಿಡಿದೆವು. 'ಇಪೊ' ಎಂದು ಕಂಡಿತು.