ಮದುವೆ ಕರೆಯೋಲೆಯಲ್ಲಿ ಕಟ್ಟಿದ ಹಡಗು

ಲಗ್ಗೆರೆಯ ನಮ್ಮ ಮನೆಯ ಊಟದ ಮೇಜಿನ ಅರ್ಧಭಾಗವನ್ನು ಏಳು ತಿಂಗಳಿನಿಂದ ಒಂದು ಕಾಗದದ ಹಡಗು ಆಕ್ರಮಿಸಿಕೊಂಡಿದೆ. ಉಳಿದ ಅರ್ಧದಲ್ಲಿ ನಾವು ಊಟ ಮಾಡುತ್ತೇವೆ. ಮನೆಗೆ ಬಂದ ನೆರೆಯವರು ಮೊದಲು ಹಡಗನ್ನು, ಆಮೇಲೆ ನನ್ನನ್ನು ನೋಡಿ, 'ರಿಟೈರ್ ಆದ ಮೇಲೆ ಹೊತ್ತು ಹೋಗಬೇಕಲ್ಲ ಸಾರ್' ಎಂದು ಸಮಾಧಾನ ಹೇಳುತ್ತಾರೆ. ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂರು ದಶಕ ನಕ್ಷೆ ಬರೆದವನು ಕೊನೆಗೆ ಆಟಿಕೆ ಮಾಡುತ್ತ ಕುಳಿತನಲ್ಲ ಎಂಬ ಮರುಕ ಆ ಮಾತಿನಲ್ಲಿ ಇರಬಹುದು.

ಇದು ನಾರ್ವೆಯ ಗೋಕ್‌ಸ್ಟಾಡ್ ಹಡಗಿನ ಮಾದರಿ. ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಎರಡನೆಯ ಕೃಷ್ಣ ಆಳುತ್ತಿದ್ದ ಕಾಲಕ್ಕೆ, ಅಂದರೆ ಒಂಬತ್ತನೆಯ ಶತಮಾನದ ಕೊನೆಗೆ, ವೈಕಿಂಗರು ಓಕ್ ಮರದಲ್ಲಿ ಕಟ್ಟಿದ್ದು. ಯಾರೋ ಪ್ರಮುಖನ ಶವದೊಡನೆ ಅದನ್ನು ದಿಬ್ಬದೊಳಗೆ ಹೂತರು. ನೀಲಿ ಜೇಡಿಮಣ್ಣು ಅದನ್ನು ಸಾವಿರ ವರ್ಷ ಕಾಪಾಡಿತು. 1880ರಲ್ಲಿ ಅಗೆದು ತೆಗೆದ ನಿಕೊಲಾಯ್ ನಿಕೊಲಾಯ್ಸೆನ್ ಎರಡೇ ವರ್ಷಗಳಲ್ಲಿ, 1882ರಲ್ಲಿ, ಚಿತ್ರ ಮತ್ತು ಅಳತೆಗಳೊಂದಿಗೆ ಗ್ರಂಥವನ್ನೇ ಪ್ರಕಟಿಸಿದರು. ಆ ಹಡಗನ್ನು ಅನುಸರಿಸಿ ಕಟ್ಟಿದ ಇನ್ನೊಂದು ಹಡಗು 1893ರಲ್ಲಿ ಅಟ್ಲಾಂಟಿಕ್ ದಾಟಿ ಷಿಕಾಗೋದ ವಿಶ್ವಮೇಳಕ್ಕೆ ಹೋಯಿತು. ಅಂದು ದಾಖಲಾದ ಅಳತೆಗಳ ಫಲವಾಗಿಯೇ ಇಂದು ಲಗ್ಗೆರೆಯಲ್ಲಿ ಕುಳಿತವನೊಬ್ಬ ಅದನ್ನು ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿ ಕತ್ತರಿಸಬಲ್ಲ.

ಮೂಲ ಹಡಗಿನ ಉದ್ದ ಸುಮಾರು 23 ಮೀಟರ್. ನನ್ನದು 46 ಸೆಂಟಿಮೀಟರ್. ಮೂಲದ ಬಹುಪಾಲು ಹಲಗೆಗಳ ದಪ್ಪ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಐವತ್ತರಿಂದ ಭಾಗಿಸಿದರೆ ಅರ್ಧ ಮಿಲಿಮೀಟರ್. ಅಷ್ಟು ದಪ್ಪದ ಕಾಗದ ಎಲ್ಲಿ ಸಿಗುತ್ತದೆಂದು ಯೋಚಿಸುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಅಲಮಾರಿನಲ್ಲಿ ಕಟ್ಟು ಕಟ್ಟಿಟ್ಟಿದ್ದ ಹಳೆಯ ಮದುವೆ ಕರೆಯೋಲೆಗಳು. ಹಳೆಯ ಮೈಕ್ರೋಮೀಟರ್ ಹಿಡಿದು ಒಂದೊಂದನ್ನೇ ಅಳೆದೆ. ಬೇಕಾದಷ್ಟು ಸಿಕ್ಕವು. ಕರೆಯೋಲೆ ಗಿಡ್ಡ, ಹಲಗೆ ಉದ್ದ. ಆದ್ದರಿಂದ ತುಂಡುಗಳನ್ನು ಒಂದರ ಮೇಲೊಂದು ಓರೆಯಾಗಿ ಕೂಡಿಸಬೇಕಾಯಿತು. ವೈಕಿಂಗರೂ ಉದ್ದದ ಹಲಗೆಗಳನ್ನು ಹಾಗೆಯೇ ಕೂಡಿಸಿದ್ದರಂತೆ. ಹಡಗಿನ ಒಳಮೈಯಲ್ಲಿ ಇಣುಕಿದರೆ ಇಂದಿಗೂ ಬಂಗಾರದ ಬಣ್ಣದ ಗಣಪತಿ, ಮುಹೂರ್ತದ ವೇಳೆ, ಕಲ್ಯಾಣಮಂಟಪದ ವಿಳಾಸ ಕಾಣುತ್ತವೆ.

ತೊಡಕುಗಳು ಒಂದೆರಡಲ್ಲ. ನಕ್ಷೆಯನ್ನು ಮುದ್ರಿಸಿಕೊಟ್ಟ ಅಂಗಡಿಯವನು ಹಾಳೆಗೆ ಹೊಂದಿಸುವ ಭರದಲ್ಲಿ ಕೆಲವು ಪುಟಗಳನ್ನು ಕುಗ್ಗಿಸಿಬಿಟ್ಟಿದ್ದ. 100 ಮಿಲಿಮೀಟರ್ ಇರಬೇಕಾದ ಗೆರೆ 97 ಇತ್ತು. ಮೂರು ಮಿಲಿಮೀಟರ್ ತಾನೆ ಎಂದು ಅವನು ನಕ್ಕ. ಟೂಲ್‌ರೂಮಿನಲ್ಲಿ ಅಷ್ಟು ತಪ್ಪಿದ್ದರೆ ನನ್ನನ್ನು ಅಂದೇ ಮನೆಗೆ ಕಳುಹಿಸುತ್ತಿದ್ದರು.

ದೊಡ್ಡ ತಪ್ಪು ಮಾತ್ರ ನನ್ನದೇ. ಎಂಜಿನಿಯರಿಂಗ್ ಬುದ್ಧಿಯಿಂದ ಮೊದಲು ಪಕ್ಕೆಲುಬುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಹಲಗೆ ಹೊದಿಸಲು ಹೊರಟೆ. ಮೂತಿಯ ಬಳಿ ಕಾಗದ ಸುಕ್ಕುಗಟ್ಟಿತು. ಎಡಬದಿ ಬಲಬದಿಗಿಂತ ಉಬ್ಬಿತು. ಎರಡು ತಿಂಗಳ ಕೆಲಸ ಕಸದ ಬುಟ್ಟಿ ಸೇರಿತು. ಆಮೇಲೆ ಓದಿ ತಿಳಿದುಕೊಂಡೆ: ವೈಕಿಂಗರ ಕ್ರಮ ಇದಕ್ಕೆ ತದ್ವಿರುದ್ಧ. ಅವರು ಅಡಿತೊಲೆಯಿಂದ ಆರಂಭಿಸಿ, ಕೆಳಗಿನ ಹಲಗೆಯ ಅಂಚಿನ ಮೇಲೆ ಮೇಲಿನ ಹಲಗೆಯ ಅಂಚು ಬರುವಂತೆ ಕಬ್ಬಿಣದ ಮೊಳೆಗಳಿಂದ ಜೋಡಿಸುತ್ತ ಹೋಗುತ್ತಿದ್ದರು. ಮೈ ರೂಪುಗೊಂಡ ಮೇಲೆಯೇ ಪಕ್ಕೆಲುಬು. ಗೋಕ್‌ಸ್ಟಾಡಿನಲ್ಲಿ ಒಂದೊಂದು ಬದಿಗೆ ಹದಿನಾರು ಸಾಲು ಹಲಗೆ. ಚಪ್ಪಟೆಯಾಗಿ ಹಾಸಿದರೆ ಹಲವು ಸಾಲುಗಳು ಕುಡುಗೋಲಿನಂತೆ ಬಾಗಿರುತ್ತವೆ. ಕಾಗದ ಮರದ ಹಲಗೆಯಂತೆಯೇ ಒಂದು ದಿಕ್ಕಿಗೆ ಬಾಗುತ್ತದೆ. ಒಮ್ಮೆಗೇ ಎರಡು ದಿಕ್ಕಿಗೆ ಬಾಗಿಸಹೋದರೆ ಸುಕ್ಕಾಗುತ್ತದೆ. ಹೀಗಾಗಿ ಹಲಗೆ ಒಪ್ಪದ್ದನ್ನು ಕಾಗದವೂ ಒಪ್ಪುವುದಿಲ್ಲ.

ಇದು ನನ್ನೊಬ್ಬನ ಕಲ್ಪನೆಯಲ್ಲ. ನಾರ್ವೆಯಲ್ಲೇ ದೊರೆತ ಇನ್ನೊಂದು ಹಡಗು ಓಸೆಬರ್ಗ್. ಅದರ ಮರ ಕಡಿದದ್ದು 820ರ ಸುಮಾರಿಗೆ, ಅಂದರೆ ನೃಪತುಂಗನ ಕಾಲದಲ್ಲಿ. ಚೂರುಚೂರಾಗಿ ಸಿಕ್ಕಿದ್ದ ಅದನ್ನು ಜೋಡಿಸಿ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದರು. ಅದನ್ನೇ ನೋಡಿ 1987ರಲ್ಲಿ ಕಟ್ಟಿದ ಪ್ರತಿಕೃತಿ ಮರುವರ್ಷ ಹಾಯಿ ಬಿಚ್ಚಿ ಸಾಗುವಾಗ ಮುಳುಗಿತು. ವೈಕಿಂಗರಿಗೆ ಹಡಗು ಕಟ್ಟಲು ಬರುತ್ತಿರಲಿಲ್ಲವೇ? ತಜ್ಞರು ಮೂಲದ ಚೂರುಗಳನ್ನು ಮತ್ತೆ ಅಳೆದರು, ಹತ್ತರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಹಲಗೆ ಹಲಗೆಯನ್ನೂ ಹೊಸದಾಗಿ ಕೂಡಿಸಿದರು. ತಪ್ಪಿದ್ದದ್ದು ಹಳೆಯ ಜೋಡಣೆಯಲ್ಲಿ; ಹಡಗಿನ ಮುಂಭಾಗದ ಆಕಾರವೇ ಬದಲಾಗಿತ್ತು. ತಿದ್ದಿದ ಆಕಾರದಲ್ಲಿ ಕಟ್ಟಿದ ಹೊಸ ಹಡಗು 2012ರಲ್ಲಿ ನೀರಿಗಿಳಿಯಿತು, ಚೆನ್ನಾಗಿಯೇ ತೇಲಿತು.

ಗುರಾಣಿಗಳ ಕೆಲಸ ಬಂದಾಗ ಮೊಮ್ಮಗ ಜೊತೆಗೆ ಕುಳಿತ. ಬದಿಗೆ ಮೂವತ್ತೆರಡರಂತೆ ಅರವತ್ತನಾಲ್ಕು, ಒಂದು ಹಳದಿ, ಒಂದು ಕಪ್ಪು. ನಲವತ್ತನೆಯದಕ್ಕೆ ಬಣ್ಣ ಬಳಿಯುತ್ತ ಅವನು ಕೇಳಿದ: 'ತಾತ, ನಮ್ಮ ಹಡಗು ಯಾಕೆ ಮಾಡ್ತಿಲ್ಲ?'

ನನ್ನಲ್ಲಿ ಉತ್ತರವಿರಲಿಲ್ಲ. ಬಸ್ರೂರು, ಬಾರಕೂರು, ಹೊನ್ನಾವರ, ಭಟ್ಕಳಗಳ ಬಂದರುಗಳ ಹೆಸರು ಪಠ್ಯಪುಸ್ತಕದಲ್ಲಿದೆ. ಅಲ್ಲಿಂದ ಅಕ್ಕಿ, ಮೆಣಸು ಹೊತ್ತು ಹೋದ ಹಡಗಿನ ಹಲಗೆಯ ಅಗಲ ಎಷ್ಟು? ಜೇಡಿಮಣ್ಣಿನ ದಿಬ್ಬದಲ್ಲಿ ನಾವು ಹಡಗು ಹೂಳಲಿಲ್ಲ, ಸರಿ. ಆದರೆ ಮೊನ್ನೆ ಮೊನ್ನೆಯವರೆಗೆ ಕಣ್ಣೆದುರಿಗಿದ್ದವುಗಳನ್ನು ಎಷ್ಟರ ಮಟ್ಟಿಗೆ ಅಳೆದಿಟ್ಟಿದ್ದೇವೆ? ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಗಳು 1970ರ ದಶಕದ ಕೊನೆಯಿಂದ ಯಾಂತ್ರಿಕ ದೋಣಿಗಳೆದುರು ಹಿಂದೆ ಸರಿದವು. ಆ ಬಲೆಯನ್ನು ಹೊತ್ತೊಯ್ಯುತ್ತಿದ್ದ ದೋಣಿಗಳಿಗೂ ಕೆಲಸವಿಲ್ಲದಾಯಿತು.

ಹೀಗೆ ಕೇಳುವ ಹಕ್ಕು ನನಗಿದೆಯೇ ಎಂಬ ಸಂಕೋಚವೂ ಇದೆ. ನಾನಿದ್ದ ಕಾರ್ಖಾನೆ ಮುಚ್ಚಿದಾಗ ಯಂತ್ರಗಳನ್ನು ಹರಾಜು ಹಾಕಿದರು. ಬೀರುಗಳಲ್ಲಿದ್ದ ನಕ್ಷೆಗಳನ್ನು ಗುಜರಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟರು. ಆ ದಿನ ನಾನು ಅಲ್ಲೇ ನಿಂತಿದ್ದೆ. ಅಮೋನಿಯಾ ವಾಸನೆಯ ಆ ಹಾಳೆಗಳ ಮೂಲೆಯಲ್ಲಿ ನನ್ನ ಸಹಿ ಇತ್ತು. ಒಂದನ್ನಾದರೂ ಕೇಳಿ ತರಬೇಕೆಂದು ಹೊಳೆಯಲಿಲ್ಲ. ಈಗ ಅದೇ ಅಚ್ಚು ಮತ್ತೆ ಮಾಡಿಕೊಡಿ ಎಂದರೆ ನನ್ನ ಕೈಯಲ್ಲಾಗದು.

ಮೊಮ್ಮಗನಿಗೆ ಕೊನೆಗೆ ತೋರಿಸಿದ್ದು ನೌಕಾಪಡೆಯ 'ಕೌಂಡಿನ್ಯ'ದ ಚಿತ್ರ. ಅಜಂತಾದ ಐದನೆಯ ಶತಮಾನದ ಭಿತ್ತಿಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಕೇರಳದ ಬಾಬು ಶಂಕರನ್ ನೇತೃತ್ವದ ಕುಶಲಕರ್ಮಿಗಳು ಗೋವಾದಲ್ಲಿ ಕಟ್ಟಿದ ಹಡಗು ಅದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಳೆಯ ನಕ್ಷೆ ಯಾವುದೂ ಇರಲಿಲ್ಲ. ನೀರಿನಲ್ಲಿ ಅದರ ವರ್ತನೆಯನ್ನು ಅರಿಯಲು ಮದ್ರಾಸ್ ಐಐಟಿಯಲ್ಲಿ ಮಾದರಿಯಿಟ್ಟು ಪರೀಕ್ಷಿಸಬೇಕಾಯಿತು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ಅದು ನೌಕಾಪಡೆ ಸೇರಿತು. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ತಲುಪಿತು. ಹಾಯಿಯ ಮೇಲೆ ಗಂಡಭೇರುಂಡ ಕಂಡು ಹುಡುಗ ಹಿಗ್ಗಿದ. ಸರ್ಕಾರಿ ಬಸ್ಸಿನ ಮೇಲೆ ನೋಡಿದ್ದನಲ್ಲ. ನನ್ನ ಗಮನ ಹೋದದ್ದು ಬೇರೆಡೆಗೆ. ಇಲ್ಲಿಯೂ ಮೊದಲು ಹಲಗೆ, ಆಮೇಲೆ ಪಕ್ಕೆಲುಬು. ನಾರ್ವೆಯವರದು ಕಬ್ಬಿಣದ ಮೊಳೆ, ನಮ್ಮದು ಹಗ್ಗ. ಕಟ್ಟುವ ಕ್ರಮ ಒಂದೇ.

ಬಾಬು ಶಂಕರನ್ ಅವರಂಥ ಕೈಗಳು ಇದ್ದುದರಿಂದ ಈ ಹಡಗು ಸಾಧ್ಯವಾಯಿತು. ನಮ್ಮ ಕರಾವಳಿಯಲ್ಲಿಯೂ ಹಳೆಯ ದೋಣಿ ಕಟ್ಟಿದ ಆಚಾರಿಗಳು ಒಬ್ಬಿಬ್ಬರಾದರೂ ಇರಬಹುದು, ಯಾವುದೋ ಮನೆಯ ಹಿಂದೆ ಮಗುಚಿಟ್ಟ ದೋಣಿ ಇರಬಹುದು. ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯಲ್ಲಿ ಟೇಪು ಹಿಡಿದು ಹೊರಟರೆ ಎಷ್ಟೋ ಹಲಗೆಗಳ ಅಳತೆ ಕಾಗದಕ್ಕೆ ಬಂದೀತು. ಇದಕ್ಕೆ ದೊಡ್ಡ ಯೋಜನೆ, ಉದ್ಘಾಟನೆ, ಫಲಕ ಯಾವುದೂ ಬೇಕಿಲ್ಲ.

ಸದ್ಯ ನನ್ನ ಬಳಿ ಇರುವುದು ಕೌಂಡಿನ್ಯದ ಕೆಲವು ಛಾಯಾಚಿತ್ರ ಮಾತ್ರ. ಅದನ್ನೇ ಅಂದಾಜಿನಲ್ಲಿ ಬಿಡಿಸಿ, ಮೊದಲ ಸಾಲಿನ ಎರಡು ಹಲಗೆಗಳನ್ನು ಕತ್ತರಿಸಿದ್ದೇವೆ. ಸೂಜಿಯಿಂದ ರಂಧ್ರ ಚುಚ್ಚುವುದು ನನ್ನ ಕೆಲಸ, ದಾರ ಪೋಣಿಸುವುದು ಮೊಮ್ಮಗನದು. ನಿನ್ನೆ ಹನ್ನೊಂದು ಹೊಲಿಗೆ ಹಾಕಿದೆವು. ಕೆಳಮನೆಯ ಲೇತ್ ಶುರುವಾಗಿ ಮೇಜು ನಡುಗಿದಾಗ ಒಂದು ಹರಿಯಿತು. ತನ್ನ ಸೂಜಿ ಯಾವಾಗ ಹಿಂತಿರುಗಿಸುತ್ತೀರಿ ಎಂದು ಮನೆಯಾಕೆ ಕೇಳುತ್ತಿದ್ದಾಳೆ.