ಅರ್ಧ ಡೆಸಿಬೆಲ್‌ನ ಆಸೆ

ಕಾರಿನಲ್ಲಿ ಕೂರಿಸಿದ ಹ್ಯಾಮ್ ರೇಡಿಯೊ ಇರಲಿ, ಗಸ್ತು ಜೀಪಿನ ವೈರ್‌ಲೆಸ್ ಸೆಟ್ ಇರಲಿ, ದೂರದ ದನಿ ಸರಿಯಾಗಿ ಕೇಳುತ್ತಿಲ್ಲ ಎಂದರೆ ಮೊದಲು ಸಿಗುವ ಸಲಹೆ ಒಂದೇ: ಪ್ರೀಆಂಪ್ ಹಾಕಿಸಿ. ಆಂಟೆನಾದಿಂದ ಬರುವ ಕ್ಷೀಣ ಸಂಕೇತವನ್ನು ಸೆಟ್ಟಿನೊಳಗೆ ಹೋಗುವ ಮುಂಚೆಯೇ ಹಿಗ್ಗಿಸುವ ಪುಟ್ಟ ಪೆಟ್ಟಿಗೆ ಅದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಕಿವಿ ಮಂದವಾದ ರೇಡಿಯೊಗೆ ಕಿವಿ ಚುರುಕು ಮಾಡುವ ಉಪಾಯ ಎಂದು ನೋಡಿದರೆ ಸಲಹೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ನಡುವೆ ಓಡಾಡುವ ವಾಹನದಲ್ಲಿ ಈ ಖರ್ಚು ಬಹುಮಟ್ಟಿಗೆ ದಂಡ. ಕೆಲವೊಮ್ಮೆ ಇದ್ದದ್ದನ್ನೂ ಕೆಡಿಸುತ್ತದೆ. ಏಕೆಂದರೆ ಇಲ್ಲಿ ಮಂದವಾಗಿರುವುದು ರೇಡಿಯೊದ ಕಿವಿಯಲ್ಲ.

ಮೊದಲು ಆ ಕಿವಿ ಎಷ್ಟು ಚುರುಕು ಎಂದು ನೋಡೋಣ. ಸಾಧಾರಣ ಮೊಬೈಲ್ ಸೆಟ್ಟಿನ ಕೈಪಿಡಿಯಲ್ಲಿ ಸೂಕ್ಷ್ಮತೆ 0.25 ಮೈಕ್ರೋವೋಲ್ಟ್ ಎಂದು ಬರೆದಿರುತ್ತದೆ. ಒಂದು ವೋಲ್ಟನ್ನು 40 ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು ಅದು. ಅಷ್ಟು ಸಂಕೇತ ಒಳಗೆ ಬಂದರೆ ಸಾಕು, ಸದ್ದಿನ ಮಧ್ಯೆ ಮಾತು ಅರ್ಥವಾಗುತ್ತದೆ. ಈಗಿನ ಎಷ್ಟೋ ಸೆಟ್‌ಗಳು 0.2 ಮೈಕ್ರೋವೋಲ್ಟ್‌ಗಿಂತಲೂ ಕಡಿಮೆಗೆ ಓಗೊಡುತ್ತವೆ. ಆದರೆ ಈ ಅಂಕಿ ಎಲ್ಲಿ ಅಳೆದದ್ದು ಎಂಬುದು ಮುಖ್ಯ. ಪ್ರಯೋಗಾಲಯದ ಮೇಜಿನ ಮೇಲೆ, ಆಂಟೆನಾ ತೆಗೆದು, ಸಿಗ್ನಲ್ ಜನರೇಟರಿನಿಂದ ನೇರ ಕೇಬಲ್ ಹಾಕಿ ಅಳೆದದ್ದು. ಹೊರಗಿನ ಗದ್ದಲಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಹಾಗಾಗಿ ಕೈಪಿಡಿಯ ಸೂಕ್ಷ್ಮತೆ ಸೆಟ್ಟಿನ ಗುಣವನ್ನು ಹೇಳುತ್ತದೆಯೇ ಹೊರತು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನಲ್ಲಿ ಏನು ಕೇಳಿಸೀತು ಎಂಬುದನ್ನಲ್ಲ.

ಯಾವ ರಿಸೀವರಿಗೂ ತಪ್ಪಿಸಿಕೊಳ್ಳಲಾಗದ ಒಂದು ಗದ್ದಲವಿದೆ. ಬೆಚ್ಚಗಿರುವ ಯಾವುದೇ ವಸ್ತುವಿನೊಳಗೆ ಎಲೆಕ್ಟ್ರಾನ್‌ಗಳು ಸುಮ್ಮನಿರದ ಕಾರಣ ಹುಟ್ಟುವ ಉಷ್ಣಗದ್ದಲ ಅದು. ಅದರ ಮೇಲೆ ಸೆಟ್ಟಿನ ಟ್ರಾನ್ಸಿಸ್ಟರುಗಳು ತಮ್ಮ ಪಾಲನ್ನೂ ಸೇರಿಸುತ್ತವೆ. ಬೆಲ್ ಲ್ಯಾಬ್ಸ್‌ನ ಹ್ಯಾರಲ್ಡ್ ಫ್ರಿಸ್ 1944ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಲೆಕ್ಕವನ್ನು ಖಚಿತಪಡಿಸಿತು: ಸಾಲಾಗಿ ಜೋಡಿಸಿದ ಹಂತಗಳಲ್ಲಿ ಮೊದಲ ಹಂತ ಸಾಕಷ್ಟು ಹಿಗ್ಗಿಸುವುದಾದರೆ, ಇಡೀ ಸೆಟ್ಟಿನ ಗದ್ದಲವನ್ನು ನಿರ್ಧರಿಸುವುದು ಅದೇ. ಮೊದಲ ಹಂತವೇ ಶಾಂತವಾಗಿದ್ದರೆ ಮುಂದಿನವು ಎಷ್ಟು ಗಲಾಟೆ ಮಾಡಿದರೂ ಹೆಚ್ಚು ಕೆಡುವುದಿಲ್ಲ. ಪ್ರೀಆಂಪ್ ಎಂಬ ವಿಚಾರಕ್ಕೆ ಇದೇ ಶಾಸ್ತ್ರಾಧಾರ, ಮತ್ತು ಆಧಾರ ಗಟ್ಟಿಯಾಗಿಯೇ ಇದೆ. ತೊಡಕಿರುವುದು ಅದನ್ನು ಊರಿನ ಲೆಕ್ಕ ಬಿಟ್ಟು ಅನ್ವಯಿಸುವುದರಲ್ಲಿ.

ಊರಿನ ಲೆಕ್ಕ ಹೀಗಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಮನುಷ್ಯನಿರ್ಮಿತ ರೇಡಿಯೊ ಗದ್ದಲಕ್ಕೆ ಪಿ.372 ಎಂಬ ಶಿಫಾರಸಿನಲ್ಲಿ ಸೂತ್ರಗಳನ್ನು ಕೊಟ್ಟಿದೆ. ನಗರಕ್ಕೊಂದು, ಹಳ್ಳಿಗೊಂದು, ಜನವಸತಿಯಿಂದ ದೂರದ ನಿಶ್ಶಬ್ದ ಜಾಗಕ್ಕೊಂದು. ನಮ್ಮ ಹ್ಯಾಮ್‌ಗಳು ಬಳಸುವ 144ರಿಂದ 146 ಮೆಗಾಹರ್ಟ್ಸ್ ಆಸುಪಾಸಿಗೆ ನಗರದ ಸೂತ್ರ ಹಾಕಿ. ಉಷ್ಣಗದ್ದಲವನ್ನು ಒಂದು ಎಂದು ಹಿಡಿದರೆ, ಆಂಟೆನಾದ ಮೂಲಕ ಒಳನುಗ್ಗುವ ನಗರದ ಗದ್ದಲ ಸುಮಾರು 45. ಸಾಧಾರಣ ಸೆಟ್ ತನ್ನದಾಗಿ ಸೇರಿಸುವುದು ಸುಮಾರು 5. ಒಟ್ಟು 50. ಈಗ ಒಳ್ಳೆಯ ಪ್ರೀಆಂಪ್ ಹಾಕಿ, ಸೆಟ್ಟಿನ ಆ 5ನ್ನು 0.5ಕ್ಕೂ ಕೆಳಗೆ ಇಳಿಸಿ. ಒಟ್ಟು 45ರ ಮೇಲೊಂದಿಷ್ಟು ಉಳಿಯುತ್ತದೆ. ಐವತ್ತರಿಂದ ನಲವತ್ತೈದಕ್ಕೆ ಇಳಿದದ್ದನ್ನು ಡೆಸಿಬೆಲ್‌ನಲ್ಲಿ ಹೇಳಿದರೆ ಅರ್ಧ ಡೆಸಿಬೆಲ್ಲೂ ಪೂರ್ತಿ ಇಲ್ಲ. ಯಾವ ಕಿವಿಗೂ ಅದು ಗೊತ್ತಾಗುವುದಿಲ್ಲ. ಸೆಟ್ ಮೊದಲೇ ಇನ್ನಷ್ಟು ಸೂಕ್ಷ್ಮವಾಗಿದ್ದರೆ ಲಾಭ ಇದಕ್ಕಿಂತಲೂ ಕಡಿಮೆ. ಅದೇ ಸೆಟ್ಟು, ಅದೇ ಪ್ರೀಆಂಪನ್ನು ವಿದ್ಯುತ್ ತಂತಿಯ ಸುಳಿವೂ ಇಲ್ಲದ ಜಾಗಕ್ಕೆ ಒಯ್ದರೆ ಕಥೆ ಬೇರೆ. ಅಲ್ಲಿ ಹೊರಗಿನಿಂದ ಬರುವುದು ಬಹುಪಾಲು ಆಕಾಶಗಂಗೆಯ ಗದ್ದಲ, ಒಂದೂವರೆಯಷ್ಟು. ಒಟ್ಟು ಸುಮಾರು 7 ಇದ್ದದ್ದು ಪ್ರೀಆಂಪ್ ಬಂದ ಮೇಲೆ 2ಕ್ಕೆ ಇಳಿಯುತ್ತದೆ. 5 ಡೆಸಿಬೆಲ್‌ಗೂ ಮಿಕ್ಕಿದ ಲಾಭ. ಅದು ಕೇಳದ ದನಿಯನ್ನು ಕೇಳಿಸಬಲ್ಲದು.

ಈ ಸೂತ್ರಗಳ ಹಿಂದಿನ ಅಳತೆಗಳು 1970ರ ದಶಕದವು, ಇಂದಿಗೆ ಸಲ್ಲುತ್ತವೆಯೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆಗಿನ ಸ್ಪಾರ್ಕ್ ಪ್ಲಗ್ಗುಗಳ ಚಟಪಟ ಇಂದಿನ ವಾಹನಗಳಲ್ಲಿ ತಗ್ಗಿರಬಹುದು. ಆದರೆ ಆಗ ಇಲ್ಲದಿದ್ದದ್ದು ಈಗ ಎಷ್ಟಿದೆ ನೋಡಿ: ಎಲ್‌ಇಡಿ ಬಲ್ಬಿನೊಳಗಿನ ಡ್ರೈವರ್, ಮೊಬೈಲ್ ಚಾರ್ಜರ್, ಕರೆಂಟ್ ಹೋದೊಡನೆ ಗುಂಯ್ಗುಟ್ಟುವ ಯುಪಿಎಸ್, ತಾರಸಿಯ ಸೋಲಾರ್ ಇನ್ವರ್ಟರ್. ಗೋಡೆಗೆ ಗೋಡೆ ತಾಗಿದಂತೆ ಪಿಜಿಗಳು ನಿಂತಿರುವ ಬಿಟಿಎಂನ ಒಂದು ಅಡ್ಡರಸ್ತೆಯಲ್ಲೇ ಇಂಥವು ಎಷ್ಟಿರಬಹುದೆಂದು ಊಹಿಸಿಕೊಳ್ಳಿ. ಇರಲಿ, ವಾದಕ್ಕೆಂದು ನಗರದ ಗದ್ದಲ ಸೂತ್ರ ಹೇಳಿದ್ದರ ಕಾಲು ಭಾಗ ಮಾತ್ರ ಎಂದೇ ಇಟ್ಟುಕೊಳ್ಳೋಣ. ಆಗಲೂ ಪ್ರೀಆಂಪಿನ ಲಾಭ ಒಂದೂವರೆ ಡೆಸಿಬೆಲ್ ದಾಟುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಜೋರಾಗಿ ಬರುತ್ತದೆ. ಪ್ರೀಆಂಪ್ ಹಾಕಿದ ಕ್ಷಣವೇ ಸಿಗ್ನಲ್ ಮೀಟರಿನ ಮುಳ್ಳು ಜಿಗಿಯುತ್ತದಲ್ಲ, ಅದು ಸುಳ್ಳೇ? ಮುಳ್ಳು ಜಿಗಿಯುವುದು ನಿಜ. ಆದರೆ ಮುಳ್ಳಿಗೆ ಮಾತೂ ಗದ್ದಲವೂ ಒಂದೇ, ಪ್ರೀಆಂಪಿಗೂ ಒಂದೇ. ಕಲ್ಲು ಬೆರೆತ ಒಂದು ಸೇರು ಅಕ್ಕಿಯ ಬದಲು ಅಂಥದೇ ಹತ್ತು ಸೇರು ತಂದರೆ ಕಲ್ಲೂ ಹತ್ತರಷ್ಟಾಗುತ್ತದೆ. ಎಫ್‌ಎಂ ಸೆಟ್ಟಿನಲ್ಲಿ ಮಾತು ಅರ್ಥವಾಗುವುದು ಸಂಕೇತದ ಎತ್ತರದಿಂದಲ್ಲ, ಸಂಕೇತ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದರಿಂದ. ಮೀಟರ್ ನೋಡಿ ಸಮಾಧಾನಪಡುವವರೊಡನೆ ವಾದ ಗೆಲ್ಲುವುದು ಮಾತ್ರ ಕಷ್ಟ.

ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವಂತೂ ಇಲ್ಲವಲ್ಲ ಎಂದುಕೊಳ್ಳುವಂತೆಯೂ ಇಲ್ಲ. ಅಗ್ಗದ ಪ್ರೀಆಂಪ್‌ಗಳು ಹಲವು ಸಾವಿರ ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನೆಲ್ಲ ಒಟ್ಟಿಗೆ ಹಿಗ್ಗಿಸುತ್ತವೆ. ನಿಮಗೆ ಬೇಕಾದ 145 ಮೆಗಾಹರ್ಟ್ಸ್‌ನ ಜೊತೆಗೆ 91.1ರ ರೇಡಿಯೊ ಸಿಟಿ, 101.3ರ ಆಕಾಶವಾಣಿ, ಪಕ್ಕದ ಕಟ್ಟಡದ ನೆತ್ತಿಯಲ್ಲಿರುವ ಮೊಬೈಲ್ ಟವರು, ಎಲ್ಲವೂ ಅದರ ಬಾಯಿಗೆ ಬೀಳುತ್ತವೆ. ಬಲಿಷ್ಠ ಸಂಕೇತಗಳಿಂದ ಉಸಿರುಕಟ್ಟಿದ ಆಂಪ್ಲಿಫೈಯರ್ ದುರ್ಬಲ ಸಂಕೇತವನ್ನು ಮೊದಲಿಗಿಂತಲೂ ಕಡಿಮೆ ಹಿಗ್ಗಿಸುತ್ತದೆ. ಇದಕ್ಕಿಂತ ಕೆಟ್ಟದ್ದು ಇಂಟರ್‌ಮಾಡ್ಯುಲೇಷನ್. 148 ಮತ್ತು 151 ಮೆಗಾಹರ್ಟ್ಸ್‌ನಲ್ಲಿ ಎರಡು ಬಲವಾದ ಪ್ರಸಾರಗಳಿವೆ ಎಂದುಕೊಳ್ಳಿ. ಮೊದಲನೆಯದರ ಇಮ್ಮಡಿಯಿಂದ ಎರಡನೆಯದನ್ನು ಕಳೆದರೆ 145. ಗಾಳಿಯಲ್ಲಿ ಇಲ್ಲದ ಸಂಕೇತವೊಂದು ಸೆಟ್ಟಿನೊಳಗೇ ಹುಟ್ಟಿ ನಿಮ್ಮ ಚಾನೆಲ್ಲಿನಲ್ಲಿ ಕೂರುತ್ತದೆ. ಒಳಬರುವ ಸಂಕೇತಗಳು ಒಂದು ಡೆಸಿಬೆಲ್ ಏರಿದರೆ ಈ ಭೂತ ಮೂರು ಡೆಸಿಬೆಲ್ ಏರುತ್ತದೆ. 15 ಡೆಸಿಬೆಲ್ ಪ್ರೀಆಂಪ್ ಹಾಕಿದರೆ ಬೇಕಾದ ಮಾತು 15 ಏರುವಾಗ ಭೂತ 45 ಏರಬಹುದು. ಇಷ್ಟಲ್ಲದೆ, ಮಾತಾಡುವ ಗುಂಡಿ ಒತ್ತಿದಾಗ ಪ್ರೀಆಂಪನ್ನು ಬದಿಗೆ ಸರಿಸುವ ರಿಲೇ ಒಮ್ಮೆ ಕೈಕೊಟ್ಟರೂ ಸಾಕು, ಸೆಟ್ಟಿನ 25 ಅಥವಾ 50 ವ್ಯಾಟ್ ನೇರ ಅದರೊಳಗೆ ಹರಿದು ಮೊದಲ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ.

ಹಾಗಿದ್ದರೆ ಬಲ್ಲವರೇ ಪ್ರೀಆಂಪ್ ಬಳಸುತ್ತಾರಲ್ಲ? ಬಳಸುತ್ತಾರೆ, ಎಲ್ಲಿ ಎಂದು ನೋಡಬೇಕು. ಇಸ್ರೊ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿಸಿದ ಹ್ಯಾಮ್‌ಸ್ಯಾಟ್ ಹ್ಯಾಮ್‌ಗಳಿಗೆಂದೇ ಮಾಡಿದ ಉಪಗ್ರಹ. ಅದು 435 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡು 145ರ ಆಸುಪಾಸಿನಲ್ಲಿ ಮರುಪ್ರಸಾರ ಮಾಡುತ್ತ 2014ರವರೆಗೆ ದುಡಿಯಿತು. ಆ ಬಡಪಾಯಿ ದನಿಯನ್ನು ಹಿಡಿಯಲು ಪ್ರೀಆಂಪ್ ಹಾಕುವುದರಲ್ಲಿ ಅರ್ಥವಿತ್ತು: ದಿಕ್ಕು ಹಿಡಿಯುವ ಆಂಟೆನಾ ಆಕಾಶದತ್ತ ಮುಖ ಮಾಡಿದಾಗ ಬೀದಿಯ ಗದ್ದಲಕ್ಕೆ ಬೆನ್ನು ಹಾಕಿರುತ್ತದೆ. ಕಾರಿನ ಚಾವಣಿಯ ಕಡ್ಡಿ ಆಂಟೆನಾಕ್ಕೆ ಆ ಭಾಗ್ಯವಿಲ್ಲ, ಅದು ಸುತ್ತಲಿನ ಎಲ್ಲವನ್ನೂ ಸಮನಾಗಿ ಕೇಳುತ್ತದೆ. ಚಂದ್ರಯಾನ-1ರ ದನಿ ಕೇಳಲು 2008ರಲ್ಲಿ 32 ಮೀಟರಿನ ಆಂಟೆನಾ ನಿಂತದ್ದೂ ನಗರದಲ್ಲಲ್ಲ, ಸುಮಾರು 40 ಕಿ.ಮೀ. ಆಚೆಯ ಬ್ಯಾಲಾಳಿನಲ್ಲಿ, ಬಟ್ಟಲಿನಾಕಾರದ ಆ ನೆಲ ಹೊರಗಿನ ರೇಡಿಯೊ ಗದ್ದಲವನ್ನು ತಡೆಯುತ್ತದೆ ಎಂಬುದು ಆಯ್ಕೆಗೆ ಒಂದು ಕಾರಣ. ಅತ್ಯುತ್ತಮ ಆಂಪ್ಲಿಫೈಯರ್ ಕೈಯಲ್ಲಿದ್ದವರೂ ಮೊದಲು ಹುಡುಕಿದ್ದು ಶಾಂತ ಜಾಗವನ್ನು.

ನಗರದೊಳಗೂ ಒಂದೆಡೆ ಪ್ರೀಆಂಪಿಗೆ ಮಾನವಿದೆ, ಅದು ಯುಎಚ್‌ಎಫ್ ನೆಲೆಠಾಣೆಯ ಆಂಟೆನಾ ಕಂಬದ ತುದಿ. ಆವರ್ತನ ಏರಿದಂತೆ ಮನುಷ್ಯನಿರ್ಮಿತ ಗದ್ದಲ ಇಳಿಯುತ್ತದೆ, ಕೇಬಲ್ ತಿನ್ನುವ ಪಾಲು ಏರುತ್ತದೆ. 435 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-58 ಕೇಬಲ್ ಸುಮಾರು 11 ಡೆಸಿಬೆಲ್ ನುಂಗಿಬಿಡುತ್ತದೆ. ಕೇಬಲ್ ನುಂಗುವ ಮುಂಚೆಯೇ, ಅಂದರೆ ಆಂಟೆನಾದ ಬುಡದಲ್ಲೇ ಹಿಗ್ಗಿಸಿದರೆ 5 ವ್ಯಾಟಿನ ಕೈಸೆಟ್ಟಿನ ಮಾತೂ ಠಾಣೆಗೆ ಮುಟ್ಟುತ್ತದೆ. ಅದಕ್ಕೂ ಮುಂದೆ ಒಳ್ಳೆಯ ಫಿಲ್ಟರ್ ಇರಬೇಕು ಎಂಬುದು ಬೇರೆ ಮಾತು. ಅದೇ ಪ್ರೀಆಂಪನ್ನು ಕೇಬಲಿನ ಕೆಳತುದಿಯಲ್ಲಿ ಇಟ್ಟರೆ ಗದ್ದಲದಲ್ಲಿ ಮುಳುಗಿಹೋದದ್ದನ್ನು ಮೇಲೆತ್ತಲಾರದು. ಕಾರಿನಲ್ಲಾದರೋ ಕೇಬಲ್ ಇರುವುದೇ ಐದು ಮೀಟರ್. 435ರಲ್ಲಿ 2 ಡೆಸಿಬೆಲ್, 145ರಲ್ಲಿ ಒಂದೇ ಡೆಸಿಬೆಲ್ ಹೋದೀತು.

ಹಾಗಾದರೆ ದುಡ್ಡು ಎಲ್ಲಿಗೆ ಹೋಗಬೇಕು? ಠಾಣೆಯಲ್ಲಾದರೆ ಎತ್ತರಕ್ಕೆ. ಆಂಟೆನಾವನ್ನು 5 ಮೀಟರಿನಿಂದ 10 ಮೀಟರಿಗೆ ಏರಿಸಿದರೆ ಸಮತಟ್ಟು ನೆಲದ ಲೆಕ್ಕದಲ್ಲಿ 6 ಡೆಸಿಬೆಲ್ ಲಾಭ, ಅದೂ ಹೋಗುವ ಮಾತಿಗೂ ಬರುವ ಮಾತಿಗೂ. ರಾಗಿಗುಡ್ಡದ ನೆತ್ತಿಯಲ್ಲಿ ಸಲೀಸಾಗಿ ನಡೆದ ಮಾತು ಮಡಿವಾಳ ಕೆರೆಯ ತಗ್ಗಿನಲ್ಲಿ ತುಂಡಾಗುವುದಕ್ಕೆ ನೆಲದ ಏರಿಳಿತ, ನಡುವಿನ ಕಟ್ಟಡಗಳೇ ಸಾಮಾನ್ಯ ಕಾರಣ. ಕಾರಿನಲ್ಲಾದರೆ, ಡಿಕ್ಕಿಯ ಅಂಚಿಗೆ ಅಂಟಿಸಿದ ಅರ್ಧ ಮೀಟರಿನ ಕಡ್ಡಿಯನ್ನು ಚಾವಣಿಯ ನಡುವಿಗೆ ತನ್ನಿ. ಕಳಪೆ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಮಾತು ಅಲ್ಲೇ ತಿಳಿಯಾಗಬಹುದು. ಸಿಗ್ನಲ್ಲಿನಲ್ಲಿ ನಿಂತಾಗ ದನಿ ಕರಗಿದರೆ ಕಾರನ್ನು ಅರ್ಧ ಮೀಟರ್ ಮುಂದೆ ಸರಿಸಿದರೂ ಸಾಕಾದೀತು. ಕಟ್ಟಡಗಳಿಗೆ ಬಡಿದು ಬರುವ ಅಲೆಗಳು ಒಂದನ್ನೊಂದು ಅಳಿಸುವ ಜಾಗ ಅಷ್ಟು ಕಿರಿದು.

ಇಷ್ಟಾದ ಮೇಲೂ ಪ್ರೀಆಂಪಿನ ಮೇಲೆ ಮನಸ್ಸಿದ್ದರೆ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಬಹುದು. ಎಸ್‌ಎಸ್‌ಬಿ ಇರುವ ಸೆಟ್ಟಿನಲ್ಲಿ, ಯಾರೂ ಮಾತಾಡದ ಆವರ್ತನದಲ್ಲಿ, ಆಂಟೆನಾ ತೆಗೆದು 50 ಓಮ್‌ನ ಡಮ್ಮಿ ಲೋಡ್ ಹಾಕಿ ಸ್ಪೀಕರಿನ ಸದ್ದು ಕೇಳಿ. ಮತ್ತೆ ಆಂಟೆನಾ ಹಾಕಿ. ಎಫ್‌ಎಂನಲ್ಲಿ ಈ ಪರೀಕ್ಷೆ ನಡೆಯದು, ಅದರ ಲಿಮಿಟರ್ ಗದ್ದಲವನ್ನು ಒಂದೇ ಮಟ್ಟದಲ್ಲಿ ಕೇಳಿಸುತ್ತದೆ. ಆಂಟೆನಾ ಸೇರಿದೊಡನೆ ಸದ್ದು ಸ್ಪಷ್ಟವಾಗಿ ಏರಿದರೆ ನಿಮ್ಮ ಸೆಟ್ ಆಗಲೇ ಊರಿನ ಗದ್ದಲವನ್ನು ಕೇಳುವಷ್ಟು ಚುರುಕಾಗಿದೆ ಎಂದರ್ಥ. ಏನೂ ಏರದಿದ್ದರೆ ಮೊದಲು ಕೇಬಲ್ಲು, ಕನೆಕ್ಟರು ಪರೀಕ್ಷಿಸಿ. ಅವು ಸರಿಯಿದ್ದರೆ ಪ್ರೀಆಂಪ್ ವಿಚಾರಿಸಬಹುದು.